ಬ್ಯಾನರಿನಲ್ಲಿ ನಿನ್ನ ಕೈ

ಕ್ಲಿನಿಕ್ಕಿನ ಒಳಕೋಣೆಯಿಂದ,
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ಹಲ್ಲುನೋವು ಕಡಿಮೆಯಾಯಿತೇ? ಕಳೆದ ಸಲ ನಿನ್ನನ್ನು ನೋಡಲು ಬಂದಾಗ ನೀನು ಎಡಗೆನ್ನೆಗೆ ಅಂಗೈ ಒತ್ತಿಕೊಂಡೇ ಮಾತಾಡುತ್ತಿದ್ದೆ. ಕೇಳಿದರೆ, "ಏನಿಲ್ಲ ಅಕ್ಕ, ಇಲ್ಲಿ ಅನ್ನದ ಜೊತೆ ಕಲ್ಲು ಫ್ರೀ" ಎಂದು ನಗಿಸಿ ಮಾತು ತೇಲಿಸಿಬಿಟ್ಟೆ. ಜೈಲಿನ ಡಾಕ್ಟರ ಹತ್ತಿರ ತೋರಿಸಿಕೋ, ಸಂಕೋಚ ಬೇಡ. ಹೊದಿಕೆ ಇನ್ನೊಂದು ಕೊಟ್ಟರೇ? ನೆಲದ ತಂಡಿ ನಿನ್ನ ಸೊಂಟಕ್ಕೆ ಆಗುವುದಿಲ್ಲ. ಲಿಫ್ಟುಗಳ ಕೆಳಗೆ ಬಗ್ಗಿ ಬಗ್ಗಿ ಅದು ಮೊದಲೇ ಅರ್ಧ ಹೋಗಿದೆ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ ಎಂದು ಬರೆಯಲು ಹೋದೆ, ಪೆನ್ನು ಸ್ವಲ್ಪ ನಿಂತಿತು. ಊಟ ಮಾಡುತ್ತಾಳೆ, ಮಾತ್ರೆ ನುಂಗುತ್ತಾಳೆ, ಕುಂಡಗಳಿಗೆ ನೀರು ಹಾಕುತ್ತಾಳೆ. ಅಷ್ಟು ನಿಜ. ಉಳಿದದ್ದನ್ನು ಮುಂದೆ ಬರೆಯುತ್ತೇನೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಂಚೆಯಲ್ಲಿ ಬಂದದ್ದನ್ನೆಲ್ಲ ಅಲ್ಲಿ ಒಡೆದು ಓದಿಯೇ ಕೊಡುತ್ತಾರೆ ಎಂದು ನೀನೇ ಹೇಳಿದ್ದೆ. ನಾಳೆ ಬೆಳಿಗ್ಗೆ ವಕೀಲಮ್ಮ ನಿನ್ನನ್ನು ನೋಡಲು ಬರುತ್ತಾರಲ್ಲ, ಅಪೀಲಿನ ಕಡತದ ಜೊತೆ ಇಟ್ಟುಕೊಂಡು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಲಕೋಟೆಯಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಅವರು ಬೇಕೆಂದೇ ಕೇಳುವುದಿಲ್ಲ ಅಂತ ಈಚೆಗೆ ನನಗೆ ಅನ್ನಿಸುತ್ತಿದೆ. ಓದಿದ ಮೇಲೆ ಅವರಿಗೇ ವಾಪಸು ಕೊಟ್ಟುಬಿಡು. ನನ್ನ ಒತ್ತಕ್ಷರ ನೋಡಿ ನಗಬೇಡ. ಇಂಗ್ಲಿಷ್ ಶಾಲೆಗೆ ಕಳಿಸಿದ್ದು ನನ್ನನ್ನು, ತಪ್ಪಿಲ್ಲದೆ ಕಾಗದ ಬರೆಯಲು ಕಲಿತವನು ನೀನು.

ತೀರ್ಪು ಓದಿ ಮುಗಿಸುತ್ತಲೇ ನಿನ್ನನ್ನು ಹಿಂಬಾಗಿಲಿನಿಂದ ವ್ಯಾನು ಹತ್ತಿಸಿದರು. ಹಾಗಾಗಿ ಕೋರ್ಟಿನ ಮುಂದಿನ ಮೆಟ್ಟಿಲ ಮೇಲೆ ಏನಾಯಿತು ಎಂದು ನೀನು ನೋಡಲಿಲ್ಲ. ನಿನಗೆ ಐದು ವರ್ಷ ಎಂದಾಗ ಒಳಗೆ ಯಾರೂ ಉಸಿರೆತ್ತಲಿಲ್ಲ. ಲಿಫ್ಟು ಕಂಪನಿಯ ಮಾಲೀಕರಿಗೆ ಬೀಗದ ವಿಷಯ ಗೊತ್ತಿತ್ತು ಎನ್ನಲು ಪುರಾವೆ ಇಲ್ಲ, ಆದ್ದರಿಂದ ಬಿಡುಗಡೆ ಎಂದಾಗ ಮಾತ್ರ ಹಿಂದಿನ ಬೆಂಚುಗಳಿಂದ ಒಂಥರಾ ಸದ್ದು ಎದ್ದಿತು, ಕುಕ್ಕರಿನ ಮುಚ್ಚಳ ಎತ್ತಿದ ಹಾಗೆ. ಹೊರಗೆ ಬರುವಷ್ಟರಲ್ಲಿ ಅದೇ ಘೋಷಣೆಯಾಗಿತ್ತು: "ಮೆಕ್ಯಾನಿಕ್‌ಗೆ ಬೇಡಿ, ಮಾಲೀಕನಿಗೆ ಗಾಡಿ!" ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು ಅಮ್ಮನನ್ನು ತಬ್ಬಿಕೊಂಡು ಅತ್ತಳು. ಅಮ್ಮ ಅಳಲಿಲ್ಲ, ಅವಳ ಬೆನ್ನು ಸವರುತ್ತ, "ಸಮಾಧಾನ ಮಾಡ್ಕೋ ತಾಯಿ, ಸಮಾಧಾನ ಮಾಡ್ಕೋ" ಎನ್ನುತ್ತಿದ್ದಳು. ಯಾರು ಯಾರನ್ನು ಸಂತೈಸಬೇಕಿತ್ತೋ ನನಗೆ ತಿಳಿಯಲಿಲ್ಲ.

ಅಂದಿನಿಂದ ಊರಿಗೆ ಊರೇ ನಿನ್ನ ಪರ. ಮೊದಲು ಹೀಗಿರಲಿಲ್ಲ, ನಿನಗೂ ನೆನಪಿರಬೇಕು. ಔಷಧಿ ಅಂಗಡಿಯವರ ಹೆಂಡತಿ ಸತ್ತ ವಾರ ನಮ್ಮ ಬಾಗಿಲಿಗೆ ಸಗಣಿ ಎರಚಿದ್ದರು, ಹಾಲಿನವನು ನಮ್ಮ ಮನೆ ಬಿಟ್ಟು ಮುಂದೆ ಹೋಗುತ್ತಿದ್ದ. ಈಗ ಅದೇ ಹಾಲಿನವನು ಬೆಲ್ ಒತ್ತಿ, "ಅಣ್ಣ ಹೇಗಿದ್ದಾರೆ ಮೇಡಂ?" ಎಂದು ಕೇಳಿ ಹೋಗುತ್ತಾನೆ. ನಮ್ಮ ಕ್ಲಿನಿಕ್ಕಿನ ಕಟ್ಟಡದಲ್ಲಿ ಯಾರೂ ಲಿಫ್ಟು ಹತ್ತುತ್ತಿಲ್ಲ. ಎಪ್ಪತ್ತು ದಾಟಿದವರೂ ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತ ಕೂರುತ್ತಾರೆ. ಆ ಉಸಿರಿನ ಸದ್ದು ಇಳಿಯುವವರೆಗೆ ಕಿವಿಯ ಪರೀಕ್ಷೆ ಮಾಡುವ ಹಾಗಿಲ್ಲ, ನಾನೂ ಕಾಯುತ್ತ ಕೂರುತ್ತೇನೆ. ಆ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ನಿನ್ನದೇ ಸುದ್ದಿ. ನಿವೃತ್ತ ಹೆಡ್‌ಮಾಸ್ತರರು ಗೊತ್ತಲ್ಲ, ಅವರಂತೂ ಕಿವಿಯ ಮಿಷನ್ ತೆಗೆದು ಜೇಬಿಗಿಟ್ಟುಕೊಂಡು ನ್ಯಾಯಾಧೀಶರನ್ನು ಬಯ್ಯಲು ಶುರುಮಾಡುತ್ತಾರೆ, ಎದುರು ಮಾತು ಕೇಳಿಸದ ಹಾಗೆ. ನನಗೆ ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ಕಸಿವಿಸಿಯಾಗುತ್ತದೆ.

ಹೊರಗಿನ ಸದ್ದು ಒಳಬರದ ಪರೀಕ್ಷೆಯ ಪೆಟ್ಟಿಗೆಯೊಳಗೆ ಕೂತವರಿಗೆ ನಾನು ಹೇಳುವುದು ಇಷ್ಟೇ: ಸದ್ದು ಕೇಳಿದರೆ ಗುಂಡಿ ಒತ್ತಿ. ಬಹಳ ಜನ ಸದ್ದು ಬರುವ ಮೊದಲೇ ಒತ್ತುತ್ತಾರೆ. ಮೋಸ ಮಾಡಲು ಅಲ್ಲ, ಎಲ್ಲಿ ಹಿಂದೆ ಬೀಳುತ್ತೇವೋ ಎಂಬ ಅಂಜಿಕೆಗೆ. ನಿನ್ನ ಪರ ಕೂಗುವ ಈ ಜನರನ್ನು ನೋಡಿದಾಗಲೂ ನನಗೆ ಹಾಗೇ ಅನ್ನಿಸುತ್ತದೆ, ಸಿಟ್ಟು ಬರುವುದಿಲ್ಲ. ಅವರು ಹೇಳುವುದರಲ್ಲಿ ಸುಳ್ಳೇನಿದೆ? ಆಕೆ ಇದ್ದ ಕಟ್ಟಡದ ನಾಲ್ಕನೇ ಮಹಡಿಯ ಲಿಫ್ಟು ಬಾಗಿಲಿನ ಬೀಗ ಸವೆದಿದೆ, ಹೊಸದು ತರಿಸಿ ಎಂದು ನೀನು ಮಾಲೀಕರಿಗೆ ಎಷ್ಟು ಸಲ ಹೇಳಿದ್ದೆ! "ಮುಂದಿನ ತಿಂಗಳು ನೋಡೋಣ, ಓಡ್ಸು ಅಲ್ಲೀತನಕ" ಎಂದವರು ಅವರೇ. ಅದನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡವನು ನಿನ್ನ ಜೊತೆ ಕೆಲಸಕ್ಕಿದ್ದ ಹುಡುಗ, ನೀನು 'ಗಡಿಬಿಡಿ' ಎಂದು ಕರೆಯುತ್ತಿದ್ದವನು. ಕೋರ್ಟಿನಲ್ಲಿ, "ಜ್ಞಾಪಕ ಇಲ್ಲ ಸ್ವಾಮಿ" ಎಂದುಬಿಟ್ಟ. ಈಗ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಜೋರಾಗಿ ಕೂಗುವವನೂ ಅವನೇ. ಗಂಟಲು ಕಟ್ಟಿ ಮೊನ್ನೆ ಕಷಾಯ ಕುಡಿಯುತ್ತಿದ್ದ. ನನ್ನನ್ನು ಕಂಡು ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡ.

ನಮ್ಮ ಬೀದಿಯ ತಿರುವಿನಲ್ಲಿ ನಿನ್ನ ಬ್ಯಾನರು ಹಾಕಿದ್ದಾರೆ. ಎರಡಾಳು ಎತ್ತರ. ಹಾಕಿಸಿದವರು ಕ್ಷೌರದಂಗಡಿಯವರು, ನ್ಯಾಯ ಸಮಿತಿ ಎಂದು ಮಾಡಿಕೊಂಡಿದ್ದಾರೆ, ಅದಕ್ಕೆ ಅವರೇ ಅಧ್ಯಕ್ಷರು. ಒಳ್ಳೆಯ ಮನುಷ್ಯ. ಫೋಟೋ ಕೇಳಲು ಮನೆಗೆ ಬಂದಾಗ ನಾನು ಇರಲಿಲ್ಲ, ಅಮ್ಮ ಗೋಡೆಯಿಂದ ಇಳಿಸಿ ಕೊಟ್ಟಿದ್ದಾಳೆ. ನಿನ್ನದು ಅಂತ ಮನೆಯಲ್ಲಿ ಇರುವುದೇ ಅದೊಂದು. ಈಗ ಪೋಸ್ಟರು, ಪೇಪರು, ಎಲ್ಲರ ಫೋನು, ಎಲ್ಲ ಕಡೆ ಅದೇ ಓಡಾಡುತ್ತಿದೆ. ನಮ್ಮಪ್ಪನ ಬಿಳಿ ಷರ್ಟು ಹಾಕಿಕೊಂಡು, ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ತೆಗೆಸಿದ್ದು. ಷರ್ಟಿನ ತೋಳು ಗಿಡ್ಡ. ಎಡಗೈಯ ಮಣಿಕಟ್ಟು ಬ್ಯಾನರಿನಲ್ಲಿ ನನ್ನ ತಲೆಗಿಂತ ದೊಡ್ಡದಾಗಿ ಕಾಣುತ್ತದೆ. ಬರಿದಾಗಿದೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಅದರ ಕೆಳಗೇ ಹಾದುಹೋಗಬೇಕು ಮರಿ. ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಜನ ಅದನ್ನು ದುಃಖ ಎಂದುಕೊಳ್ಳುತ್ತಾರೆ.

ನಿನ್ನ ಕೆಂಪು ಟೇಪಿನ ಲೆಕ್ಕಾಚಾರ ನನಗೆ ಮೊದಲಿನಿಂದಲೂ ಇಷ್ಟ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಲಿಫ್ಟು ಅಲುಗಾಡಬಾರದು. ಬೀಗ ಕೈಕೊಟ್ಟರೆ ಬಾಗಿಲು ಮುಚ್ಚಿದ್ದರೂ ನಿಂತೇಬಿಡುತ್ತದೆ. ಯಾವ ಮಹಡಿಯ ಬಾಗಿಲಿನದು ತೊಂದರೆ ಎಂದು ಹುಡುಕಲು ನೀವು ಒಂದು ತುಂಡು ತಂತಿ ಜೋಡಿಸಿ, ಎಲ್ಲ ಬಾಗಿಲೂ ಮುಚ್ಚಿದೆ ಎಂದು ಲಿಫ್ಟನ್ನು ನಂಬಿಸಿ, ಮೇಲೆ ಕೆಳಗೆ ಓಡಿಸಿ ನೋಡುತ್ತೀರಿ. ತಂತಿ ಇದ್ದಷ್ಟು ಹೊತ್ತು ಬಾಗಿಲಿಗೆ ಬೀಗ ಬೀಳದಿದ್ದರೂ ಲಿಫ್ಟು ಓಡುತ್ತದೆ. ಇದನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಸೌಟು, ಚಮಚ ಇಟ್ಟು ನೀನು ನನಗೆ ವಿವರಿಸಿದ್ದೆ. ತಂತಿ ಜೋಡಿಸುವ ಮೊದಲು ಎಡಗೈಗೆ ಕೆಂಪು ಟೇಪು ಸುತ್ತಿಕೊಳ್ಳುತ್ತಿದ್ದೆ. ತಂತಿ ತೆಗೆದ ಮೇಲೇ ಟೇಪು ಬಿಚ್ಚುವುದು. "ಟೇಪ್ ಕೈಮೇಲಿದ್ರೆ ನಂಗೆ ಊಟಾನೂ ಇಳಿಯಲ್ಲ ಅಕ್ಕ" ಎನ್ನುತ್ತಿದ್ದೆ. ಯಾವ ಕಾಲೇಜಿನಲ್ಲೂ ಕಲಿಸದ ಒಳ್ಳೆಯ ಪದ್ಧತಿ ಎಂದು ನಾನೂ ಹೊಗಳಿದ್ದೆ. ಆ ಟೇಪನ್ನು ಬೇರೆ ಯಾರೋ ಬಿಚ್ಚಬಹುದು ಎಂದು ನಿನಗಾಗಲಿ ನನಗಾಗಲಿ ಹೊಳೆಯಲೇ ಇಲ್ಲ.

ಆಕೆ ಸಾಯುವ ಹಿಂದಿನ ದಿನ ಅಮ್ಮ ನಿನಗೆ ಫೋನಿನ ಮೇಲೆ ಫೋನು ಮಾಡಿದಳು. ನಾನು ಪದವಿಯ ಗೌನು ತೊಟ್ಟು ನಿಂತ ಫೋಟೋ ಇಪ್ಪತ್ತು ವರ್ಷದಿಂದ ಗೋಡೆಯ ಮೇಲಿದೆ, ಅದರ ಪಕ್ಕದ ಮೊಳೆ ಖಾಲಿ. ಅಕ್ಕನದಿದೆ, ಮಗನದಿಲ್ಲ, ಬಂದವರೆಲ್ಲ ಕೇಳುತ್ತಾರೆ ಎಂಬುದು ಅವಳ ಕೊರಗು. ಸ್ಟುಡಿಯೋದವನು ಮಧ್ಯಾಹ್ನ ಅಂಗಡಿ ಮುಚ್ಚುತ್ತಾನೆ, ಈಗಲೇ ಬಾ ಎಂದಳು. ಅರ್ಧ ಗಂಟೆಯಲ್ಲಿ ಹಿಂದಿರುಗಬಹುದು ಎಂದುಕೊಂಡು ನೀನು ತಂತಿ ಹಾಗೇ ಬಿಟ್ಟು ಬಂದೆ. ಹೊಲಿಗೆ ಡಬ್ಬಿಯ ಕತ್ತರಿ ತಂದು ಟೇಪನ್ನು ಅಮ್ಮನೇ ಕತ್ತರಿಸಿದಳಲ್ಲವೇ, "ಏನೋ ಇದು, ಕೈ ಮುರ್ಕೊಂಡೋನ ಥರ, ಫೋಟೋದಲ್ಲಿ ಚೆನ್ನಾಗಿರುತ್ತಾ?" ಎಂದು ಬಯ್ಯುತ್ತ? ನಾನೂ ಅಲ್ಲೇ ಇದ್ದೆ. ನಿನ್ನ ಕಾಲರು ಸರಿಮಾಡುತ್ತಿದ್ದೆ. ಸ್ಟುಡಿಯೋದಿಂದ ಹೊರಬೀಳುವಾಗಲೇ ಮಾಲೀಕರ ಫೋನು ಬಂತು, ಇನ್ನೊಂದು ಕಟ್ಟಡದಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆ ಎಂದು. ನೀನು ಅಲ್ಲಿಂದ ನೇರ ಅತ್ತ ಓಡಿದೆ, ಅಲ್ಲಿಂದ ಮತ್ತೊಂದಕ್ಕೆ. ಸಂಜೆ ಕೈ ತೊಳೆಯುವಾಗ ಮಣಿಕಟ್ಟು ನೋಡಿಕೊಂಡಿರಬೇಕು. ಖಾಲಿ ಇತ್ತು. ಖಾಲಿ ಇದ್ದರೆ ಕೆಲಸ ಮುಗಿದಿದೆ ಎಂದೇ ಅರ್ಥ. ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯವರ ಹೆಂಡತಿ, ಒಣಗಿದ ಬಟ್ಟೆಯ ಬುಟ್ಟಿಯನ್ನು ಎದೆಗೊತ್ತಿ ಹಿಡಿದು, ನಾಲ್ಕನೇ ಮಹಡಿಯ ಬಾಗಿಲು ಎಳೆದಳು. ಅದು ತೆರೆದುಕೊಂಡಿತು. ಲಿಫ್ಟು ಕೆಳಗಿತ್ತು.

ಜೈಲಿನ ಜಾಲರಿಯ ಆಚೆಯಿಂದ ನೀನು ಒಂದೇ ಸಲ ಹೇಳಿದೆ: "ತೆಗ್ದಿರ್ಲಿಲ್ಲ ಅಕ್ಕ. ಟೇಪ್ ಇರ್ಲಿಲ್ಲ ಕೈಮೇಲೆ, ಅಷ್ಟೇ. ಅಮ್ಮಂಗೆ ಗೊತ್ತಾಗ್ಬಾರ್ದು." ಕೋರ್ಟಿನಲ್ಲಿ ಮಾತ್ರ, ತಂತಿ ತೆಗೆದೇ ಬಂದಿದ್ದೆ, ಬೀಗ ತರಿಸುವ ಬದಲು ಕಂಪನಿಯ ಕಡೆಯವರೇ ಮತ್ತೆ ಹಾಕಿರಬೇಕು ಎಂದೆ. ಮರೆತೆ ಎಂದಿದ್ದರೆ ಯಾಕೆ ಮರೆತೆ ಎನ್ನುತ್ತಿದ್ದರು, ಟೇಪಿನ ಮಾತು ಬರುತ್ತಿತ್ತು, ಅಮ್ಮನನ್ನು ಕಟಕಟೆಗೆ ಕರೆಯುತ್ತಿದ್ದರು. ಅದು ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಆ ಸುಳ್ಳಿನಲ್ಲಿ ನಿನಗಾಗಿಯೂ ಒಂದು ಪಾಲು ಇರಲಿಲ್ಲವೇ? ಇದ್ದರೂ ನಾನು ತಪ್ಪೆನ್ನುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿರುವುದೂ ಅಮ್ಮನಿಗಾಗಿಯೋ, ಇಡೀ ಊರು ನಮ್ಮನ್ನು ಮತ್ತೆ ಮಾತಾಡಿಸುತ್ತಿರುವ ಸುಖಕ್ಕೋ ಎಂದು ನಾನೂ ಕೇಳಿಕೊಳ್ಳುತ್ತೇನೆ.

ಈಗ ಔಷಧಿ ಅಂಗಡಿಯವರ ವಿಷಯ. ಅಮ್ಮನ ಬಿ.ಪಿ. ಮಾತ್ರೆಗೆ ಬೇರೆ ಅಂಗಡಿಗೆ ಹೋಗಬಹುದಿತ್ತು, ಇಷ್ಟು ದಿನ ಹೋಗುತ್ತಲೂ ಇದ್ದೆ. ಮಂಗಳವಾರ ಸಂಜೆ ಅದು ಮುಚ್ಚಿತ್ತು. ಇವರದು ಅರ್ಧ ಷಟರ್ ಎಳೆದಿತ್ತು. ಷಟರ್ ಮೇಲೆ ನಿನ್ನದೇ ಫೋಟೋದ ಪೋಸ್ಟರು, ಕೆಳಗೆ ಯಾರೋ ಬಣ್ಣದಲ್ಲಿ 'ಮಾಲೀಕನ ಬಾಲ' ಎಂದು ಗೀಚಿದ್ದರು. ಅವರು ಒಳಗೆ ಒಬ್ಬರೇ ಕೂತು, ಗಿರಾಕಿ ಇಲ್ಲದ ಅಂಗಡಿಯ ಗಾಜು ಒರೆಸುತ್ತಿದ್ದರು. ನನ್ನನ್ನು ಕಂಡು ಎದ್ದು, ಯಾವ ಮಾತ್ರೆ ಎಂದು ಕೇಳದೆ ಅದನ್ನೇ ತೆಗೆದಿಟ್ಟರು, ಇನ್ನೂ ನೆನಪಿದೆ ಅವರಿಗೆ. ಆಮೇಲೆ ಹೇಳಿದರು: "ನಾನು ಪೇಪರ್‌ನೋರಿಗೆ ಹೇಳಿದ್ದು ಎರಡು ಮಾತು ಮೇಡಂ. ಮೆಕ್ಯಾನಿಕ್‌ಗೆ ಆಗಿದ್ದು ಸರಿ, ಮಾಲೀಕನ್ನ ಬಿಟ್ಟಿದ್ದು ತಪ್ಪು ಅಂತ. ಅವರು ಮೊದಲನೇದು ಮಾತ್ರ ಹಾಕಿದ್ರು." ನಾನು ತಲೆಯಾಡಿಸಿದೆ. ಅವರು ಪೊಟ್ಟಣ ಕೈಬಿಡಲಿಲ್ಲ. "ಐದು ವರ್ಷ ಆದ್ರೂ ಐವತ್ತು ವರ್ಷ ಆದ್ರೂ ಅವಳು ಬರಲ್ಲ. ನಂಗೆ ಒಂದೇ ಒಂದು ಗೊತ್ತಾಗ್ಬೇಕು. ನಿಮ್ಮ ತಮ್ಮ ಆ ತಂತಿ ತೆಗ್ದಿದ್ರಾ? ನೀವು ಹೌದು ಅನ್ನಿ, ನಂಬ್ತೀನಿ. ನಾಳೆಯಿಂದ ಅವರ ಜೊತೆ ನಾನೂ ನಿಂತು ಕೂಗ್ತೀನಿ." ಮರಿ, ನಾನು ಅಂದದ್ದು ಏನು ಗೊತ್ತೇ? "ಬೆಳಿಗ್ಗೆ ಒಂದು, ರಾತ್ರಿ ಒಂದು ಅಲ್ವಾ?" ಅವರು ನನ್ನ ಮುಖ ನೋಡಿದರು. ಆಮೇಲೆ ಪೊಟ್ಟಣ ಬಿಟ್ಟು, "ಹೌದು ಮೇಡಂ. ಊಟ ಆದ್ಮೇಲೆ" ಎಂದರು. ದಿನವೆಲ್ಲ ಬೇರೆಯವರ ಕಿವಿ ಪರೀಕ್ಷಿಸುವವಳು ನಾನು; ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿಸಿಯೂ ಗುಂಡಿ ಒತ್ತದೆ ಎದ್ದು ಬಂದೆ.

ಮೊನ್ನೆ ಸಮಿತಿಯವರು ಮನೆಗೆ ಬಂದಿದ್ದರು. ಭಾನುವಾರ ಮೆರವಣಿಗೆ, ತಿರುವಿನಲ್ಲಿ ಸಭೆ, ವೇದಿಕೆಯ ಮೇಲೆ ಅಮ್ಮ ಬೇಕಂತೆ. ಕ್ಷೌರದಂಗಡಿಯವರು, "ಅಮ್ಮ ಏನೂ ಮಾತಾಡೋದು ಬೇಡ ಮೇಡಂ, ಸುಮ್ನೆ ಕೂತಿದ್ರೆ ಸಾಕು. ತಾಯಿ ಕೂತ್ರೇನೇ ಸಭೆಗೊಂದು ಕಳೆ" ಎಂದರು. ಮೆರವಣಿಗೆ ಯಾವ ದಾರಿ ಎಂದು ಕೇಳಿದೆ. ಔಷಧಿ ಅಂಗಡಿಯ ಮುಂದಿನಿಂದ ಎಂದರು. ಮಾಲೀಕರ ಮನೆ ಇರುವುದು ಇನ್ನೊಂದು ದಿಕ್ಕಿಗಲ್ಲವೇ ಎಂದೆ. "ಅಲ್ಲಿ ಗೇಟಲ್ಲೇ ಪೊಲೀಸ್ ನಿಲ್ಸಿಬಿಡ್ತಾರೆ ಮೇಡಂ. ಈ ಕಡೆ ಆದ್ರೆ ನಮ್ಮನ್ನ ಕೇಳೋರಿಲ್ಲ." ಕಲ್ಲುಗಿಲ್ಲು ಎಸೆಯುವುದಿಲ್ಲ ತಾನೇ ಎಂದರೆ, "ಛೆ, ನಾವು ಅಂಥೋರಲ್ಲ. ಹುಡುಗ್ರು ಮಾತ್ರ ಸ್ವಲ್ಪ ಬಿಸಿ ಇದ್ದಾರೆ" ಎಂದು ನಕ್ಕರು. ಅವರು ನಿನಗಾಗಿ ಅಂಗಡಿ ಮುಚ್ಚಿಕೊಂಡು ಓಡಾಡುತ್ತಿದ್ದಾರೆ, ಅವರ ಮುಖ ನೋಡಿ ನಾನು ಬೇಡ ಎನ್ನುವುದು ಹೇಗೆ? ಬೇಡ ಎಂದರೆ ಯಾಕೆ ಎನ್ನುತ್ತಾರೆ. ಆ ಯಾಕೆಗೆ ಉತ್ತರ ಹೇಳಿದರೆ ನಿನ್ನ ಅಪೀಲು ಹೋಯಿತು, ಮಾಲೀಕರ ಬಿಡುಗಡೆ ಇನ್ನಷ್ಟು ಗಟ್ಟಿಯಾಯಿತು, ಅಮ್ಮ ಹೋದಳು. ಹೇಳದಿದ್ದರೆ ಹೆಂಡತಿಯನ್ನು ಕಳೆದುಕೊಂಡವರ ಅಂಗಡಿಯ ಗಾಜು ಒಡೆಯುತ್ತದೆ. ಅತ್ತಲೂ ಇತ್ತಲೂ ನಾನು ಕೂಡಿ ಕಳೆದು ನೋಡಿದ್ದೇನೆ, ಸರಿಹೋಗುವ ಒಂದು ದಾರಿಯೂ ಕಾಣಲಿಲ್ಲ.

ಪುಣ್ಯಕ್ಕೆ ಅಮ್ಮನೇ, ಮಂಡಿನೋವು, ವೇದಿಕೆ ಹತ್ತಲಾರೆ ಎಂದು ಹೇಳಿ ಅವರನ್ನು ಟೀ ಕೊಟ್ಟು ಕಳಿಸಿದಳು. ಆದರೆ ಅವಳ ಒಂದು ಹೊಸ ಅಭ್ಯಾಸ ನಿನಗೆ ಹೇಳಬೇಕು. ಸೊಪ್ಪು ತರುತ್ತೇನೆ ಎಂದು ಹೊರಟವಳು ತಿರುವಿನಲ್ಲಿ ಬ್ಯಾನರಿನ ಎದುರು ನಿಂತುಬಿಡುತ್ತಾಳೆ. ಬಸ್ಸಿನಿಂದ ಇಳಿಯುವಾಗ ಎರಡು ಸಲ ನೋಡಿದೆ. ಮಗನ ಮುಖ ನೋಡಲು ನಿಂತಿದ್ದಾಳೆ ಎಂದುಕೊಂಡಿದ್ದೆ. ನಿನ್ನೆ ಪಕ್ಕದಲ್ಲಿ ಹೋಗಿ ನಿಂತೆ. ಅವಳು ಮುಖ ನೋಡುತ್ತಿರಲಿಲ್ಲ, ಇನ್ನೂ ಕೆಳಗೆ ನೋಡುತ್ತಿದ್ದಳು. "ಕೈ ಎಷ್ಟು ಚೆನ್ನಾಗಿ ಬಂದಿದೆ ಅಲ್ವೇನೇ?" ಎಂದಳು. ಬಿಸಿಲು ಹೆಚ್ಚಾಗಿದೆ, ಮನೆಗೆ ಹೋಗೋಣ ಎಂದೆ.

ಮುಂದಿನ ರೋಗಿ ಮೆಟ್ಟಿಲು ಹತ್ತಿ ಬಂದರು, ಏದುಸಿರು ಕೇಳಿಸುತ್ತಿದೆ. ಇಲ್ಲಿಗೆ ಮುಗಿಸುತ್ತೇನೆ. ಹಲ್ಲು ತೋರಿಸು, ಮರೆಯಬೇಡ. ಯಾರ ಜೊತೆಯೂ ವಾದಕ್ಕೆ ನಿಲ್ಲಬೇಡ. ಅಲ್ಲಿನ ಪಂಪು, ಮೋಟಾರು ರಿಪೇರಿ ಮಾಡಿಕೊಡುತ್ತಿದ್ದೀಯಂತೆ, ವಕೀಲಮ್ಮ ಹೇಳಿದರು. ಕೇಳಿ ಸಂತೋಷವಾಯಿತು, ನಿಧಾನವಾಗಿ ಮಾಡು. ನಿನ್ನ ತಲೆ ಸವರಬೇಕು ಅನ್ನಿಸುತ್ತದೆ, ಜಾಲರಿಯ ಸಂದಿಯಲ್ಲಿ ಎರಡು ಬೆರಳು ಮಾತ್ರ ಹಿಡಿಯುತ್ತವೆ. ಆ ಎರಡು ಬೆರಳಿನ ಆಶೀರ್ವಾದವೇ ಸದ್ಯಕ್ಕೆ ಇರಲಿ.

ನಿನ್ನ
ಅಕ್ಕ

ತಾ.ಕ.: ಶನಿವಾರ ಬೆಳಿಗ್ಗೆ. ವಕೀಲಮ್ಮ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾರೆ, ಅಂಟಿಸಿದ ಲಕೋಟೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಈಗ ಅಮ್ಮ ಹೊಲಿಗೆ ಡಬ್ಬಿಯ ಕತ್ತರಿಯನ್ನು ತಂದು ನನ್ನ ಮುಂದಿಟ್ಟಳು. "ಇದನ್ನ ಎಲ್ಲಾದ್ರೂ ಹಾಕ್ಬಿಡು, ಮನೇಲಿ ಬೇಡ" ಎಂದಳು. ಆಮೇಲೆ, "ಆ ಟೇಪ್ ಅವನು ಯಾಕೆ ಸುತ್ಕೊಳ್ತಿದ್ದ?" ಎಂದು ಕೇಳಿದಳು. ಸುಮ್ನೆ, ಅಭ್ಯಾಸ ಅಮ್ಮ ಎಂದೆ. ಔಷಧಿ ಅಂಗಡಿಯವರು ನೋಡಿದ ಹಾಗೆಯೇ ನನ್ನ ಮುಖ ನೋಡಿದಳು. ಈಗ ಕ್ಷೌರದಂಗಡಿಯವರಿಗೆ ಫೋನು ಮಾಡಿ ಕೊಡು ಅನ್ನುತ್ತಿದ್ದಾಳೆ. ನಾಳೆ ವೇದಿಕೆಗೆ ಬರುತ್ತಾಳಂತೆ. ಕುರ್ಚಿ ಬೇಡವಂತೆ, ಮೈಕು ಬೇಕಂತೆ. ಏನು ಹೇಳ್ತೀಯ ಅಮ್ಮ ಎಂದರೆ, "ಅದನ್ನ ನೀನ್ ಹೇಳು, ನಾನು ಏನು ಹೇಳ್ಲಿ?" ಎಂದು ನನ್ನನ್ನೇ ಕೇಳುತ್ತಾಳೆ. ವಕೀಲಮ್ಮ ಹಾರ್ನ್ ಮಾಡುತ್ತಿದ್ದಾರೆ. ಮರಿ, ಅಮ್ಮನಿಗೆ ನಿಜ ಹೇಳಲೋ ಬೇಡವೋ, ಅವರ ಕೈಯಲ್ಲಿ ಒಂದೇ ಒಂದು ಮಾತು ಹೇಳಿ ಕಳಿಸು, ಇವತ್ತೇ. ಅಮ್ಮ ಫೋನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾಳೆ.